ವಿದೇಶಿ ಪದವಿ, ಸರ್ಕಾರಿ ಆಸ್ಪತ್ರೆ ಕೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಮೇಲಿವೆ: ಹೊರದೇಶದಲ್ಲಿ ವೈದ್ಯಕೀಯ ಓದಿ ಬಂದವರಿಗೆ ಇಲ್ಲಿ ಸರ್ಕಾರಿ ಕೆಲಸದ ದಾರಿ ಏನು, ಇಲ್ಲೇ ಓದಿದವರಿಗೆ ಅದರಿಂದ ಎಷ್ಟು ಪೈಪೋಟಿ. ನೋಂದಣಿ ಮತ್ತು ನೇಮಕಾತಿ ಎರಡನ್ನೂ ಬಲ್ಲ ವೈದ್ಯರ ತಂಡ ಉತ್ತರಿಸಿದೆ.

ಮಗಳು ಕಿರ್ಗಿಸ್ತಾನದಲ್ಲಿ ಓದು ಮುಗಿಸಿ ಬಂದಿದ್ದಾಳೆ. ಬಂದ ತಕ್ಷಣ ನಮ್ಮ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಾಗಿ ಸೇರಬಹುದು ಅಂತ ಏಜೆಂಟ್ ಹೇಳಿದ್ದರು. ಈಗ ನೋಡಿದರೆ ಪರೀಕ್ಷೆ, ಇಂಟರ್ನ್‌ಶಿಪ್, ನೋಂದಣಿ ಅಂತ ಒಂದೊಂದಾಗಿ ಬರ್ತಿವೆ. ಯಾವುದು ಮೊದಲು, ಯಾವುದು ಆಮೇಲೆ?
– ಒಬ್ಬ ತಂದೆ, ಜಗಳೂರು

ಏಜೆಂಟ್ ಹೇಳಿದ್ದು ಸುಳ್ಳು. ಮೊದಲು ಎಫ್‌ಎಂಜಿಇ, ಅಂದರೆ ವಿದೇಶದಲ್ಲಿ ವೈದ್ಯಕೀಯ ಓದಿದವರಿಗೆ ಇಲ್ಲಿ ನಡೆಸುವ ಅರ್ಹತಾ ಪರೀಕ್ಷೆ ಪಾಸಾಗಬೇಕು. ಆಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ. ಅದನ್ನಿಟ್ಟುಕೊಂಡು ಇಲ್ಲಿನ ಆಸ್ಪತ್ರೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಅದು ಮುಗಿದ ಮೇಲೆ ಕಾಯಂ ನೋಂದಣಿ. ಸರ್ಕಾರಿ ಕೆಲಸಕ್ಕೆ, ಗುತ್ತಿಗೆಯದ್ದೇ ಆಗಿರಲಿ, ಅರ್ಜಿ ಹಾಕುವ ಅರ್ಹತೆ ಬರುವುದು ಆ ಕಾಯಂ ನೋಂದಣಿ ಸಂಖ್ಯೆ ಕೈಗೆ ಬಂದ ಮೇಲೆ. ಅದಕ್ಕೂ ಮೊದಲು ಯಾರಾದರೂ "ಕ್ಲಿನಿಕ್ಕಿನಲ್ಲಿ ಕೂತ್ಕೊಳ್ಳಮ್ಮ, ಅನುಭವ ಆಗುತ್ತೆ" ಎಂದರೆ ಒಪ್ಪಬೇಡಿ. ನೋಂದಣಿ ಇಲ್ಲದೆ ಚೀಟಿ ಬರೆಯುವುದು ಅಪರಾಧ. ಮುಂದಿನ ನೋಂದಣಿಗೂ ಅದು ಮುಳುವಾಗುತ್ತದೆ.

ಎಫ್‌ಎಂಜಿಇಯನ್ನು ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್ ಸುತ್ತಿನಲ್ಲಿ, ರಾಷ್ಟ್ರೀಯ ಪರೀಕ್ಷಾ ಮಂಡಳಿ ನಡೆಸುತ್ತದೆ. ಒಟ್ಟು 300 ಪ್ರಶ್ನೆ. ಒಂದೇ ದಿನ 150ರ ಎರಡು ಭಾಗ, ಒಂದೊಂದಕ್ಕೆ ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದೂ ಖಾಲಿ ಬಿಡಬಾರದು. 150 ಬಂದರೆ ಪಾಸು. ಕೇಳಲು ಸುಲಭ ಅನಿಸುತ್ತದೆ, ಆದರೆ 2024ರ ಜೂನ್ ಪರೀಕ್ಷೆಯಲ್ಲಿ ತೇರ್ಗಡೆಯಾದವರು ನೂರಕ್ಕೆ ಸುಮಾರು 21 ಮಂದಿ.

ಫೇಲಾಗುವವರೆಲ್ಲ ದಡ್ಡರೇನಲ್ಲ. 300ರಲ್ಲಿ 30 ಅಂಕ ಸಮುದಾಯ ವೈದ್ಯಶಾಸ್ತ್ರಕ್ಕೆ, ಇನ್ನೊಂದು 30 ಹೆರಿಗೆ ಮತ್ತು ಸ್ತ್ರೀರೋಗಕ್ಕೆ. ನಮ್ಮ ಲಸಿಕಾ ವೇಳಾಪಟ್ಟಿ, ಕ್ಷಯ ನಿಯಂತ್ರಣ ಕಾರ್ಯಕ್ರಮ, ಎಷ್ಟು ಜನಸಂಖ್ಯೆಗೆ ಒಂದು ಉಪಕೇಂದ್ರ, ಬಯಲು ಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ) ಎಂಬ ಲೆಕ್ಕ, ಇವನ್ನೆಲ್ಲ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ ಯಾರು ಹೇಳಿಕೊಡುತ್ತಾರೆ? ಬೇರೆ ವಿಷಯ ಎಷ್ಟೇ ಗಟ್ಟಿಯಿದ್ದರೂ ಈ 30 ಅಂಕ ಕೈಬಿಟ್ಟರೆ ದಡ ಮುಟ್ಟುವುದು ಕಷ್ಟ. ನಮ್ಮ ಸಲಹೆ: ಮೆಡಿಸಿನ್ (33) ಮತ್ತು ಸರ್ಜರಿ (32) ಜೊತೆಗೆ ಈ ಎರಡನ್ನು ಸೇರಿಸಿ ಮೊದಲ ಮೂರು ತಿಂಗಳು ಬರೀ ಈ ನಾಲ್ಕನ್ನೇ ಓದಲಿ. 125 ಅಂಕ ಇಲ್ಲೇ ಇದೆ.

ಈಗಲೇ ಮಾಡಬೇಕಾದ ಇನ್ನೊಂದು ಕೆಲಸ, ಎಲ್ಲ ಕಾಗದ ಹರಡಿಕೊಂಡು ಹೆಸರು ತಾಳೆ ನೋಡುವುದು. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಎರಡು ಇನಿಶಿಯಲ್ ಇರುತ್ತದೆ. ಪಾಸ್‌ಪೋರ್ಟಿಗೆ ಹೋಗುವಾಗ ಅದು ಊರಿನ ಹೆಸರು, ತಂದೆಯ ಹೆಸರಾಗಿ ಬಿಡಿಸಿಕೊಳ್ಳುತ್ತದೆ. ಅಲ್ಲಿನ ವಿಶ್ವವಿದ್ಯಾಲಯ ಅದನ್ನು ತನ್ನ ಭಾಷೆಗೆ ಬರೆದು, ಮತ್ತೆ ಇಂಗ್ಲಿಷಿಗೆ ತಂದಾಗ ಒಂದೆರಡು ಅಕ್ಷರ ಅದಲುಬದಲಾಗಿರುತ್ತದೆ. ಪದವಿ ಪ್ರಮಾಣಪತ್ರದ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ತಿದ್ದುಪಡಿ ಪತ್ರವನ್ನು ವಿಶ್ವವಿದ್ಯಾಲಯದಿಂದಲೇ ತರಿಸಿ. ನೋಟರಿ ಅಫಿಡವಿಟ್ ಒಂದನ್ನೇ ನಂಬಿ ಕೂರಬೇಡಿ. ಪದವಿಗೆ ಅಪೋಸ್ಟಿಲ್ (ಆ ದೇಶದ ಸರ್ಕಾರ ಹಾಕುವ ಅಂತರರಾಷ್ಟ್ರೀಯ ದೃಢೀಕರಣ ಮುದ್ರೆ) ಅಥವಾ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಆಗಿದೆಯೇ ಅಂತಲೂ ನೋಡಿ.

ನಾನು ದಾವಣಗೆರೆಯಲ್ಲೇ ಎಂಬಿಬಿಎಸ್ ಕೊನೆ ವರ್ಷದಲ್ಲಿದ್ದೇನೆ. ನಮ್ಮ ಸೀನಿಯರ್‌ಗಳಿಗೇ ಊರಲ್ಲಿ ಕೆಲಸ ಸಿಗ್ತಿಲ್ಲ. ಅದರ ಮೇಲೆ ವಿದೇಶದಲ್ಲಿ ಓದಿದವರೂ ಅದೇ ಇಂಟರ್‌ವ್ಯೂಗೆ ಬರ್ತಾರೆ. ಇಲ್ಲಿ ಓದಿದವರಿಗೆ ಆದ್ಯತೆ ಯಾಕಿಲ್ಲ?
– ವಿದ್ಯಾರ್ಥಿನಿ, ದಾವಣಗೆರೆ

ಕಾಯಂ ನೋಂದಣಿ ಆದ ಮೇಲೆ ಕಾನೂನಿನ ಕಣ್ಣಲ್ಲಿ ನೀವೂ ಅವರೂ ಒಂದೇ. ಪದವಿ ಎಲ್ಲಿಯದು ಎಂಬುದರ ಮೇಲೆ ಆದ್ಯತೆ ಕೊಡಿ ಎಂಬ ಬೇಡಿಕೆ ನಿಲ್ಲುವುದು ಕಷ್ಟ. ಅವರು ನಿಮಗಿಂತ ಒಂದು ಪರೀಕ್ಷೆ ಹೆಚ್ಚೇ ಪಾಸಾಗಿ ಬಂದಿರುತ್ತಾರೆ.

ಸಾಲು ಉದ್ದವಾಗಿದೆ ಎಂಬ ನಿಮ್ಮ ಮಾತು ನಿಜ. ಆದರೆ ಅದನ್ನು ಉದ್ದ ಮಾಡಿದ್ದು ಬಹುಮಟ್ಟಿಗೆ ನಮ್ಮ ಕಾಲೇಜುಗಳೇ. 2014ಕ್ಕೆ ಮುಂಚೆ ದೇಶದಲ್ಲಿ 51,348 ಎಂಬಿಬಿಎಸ್ ಸೀಟುಗಳಿದ್ದವು; ಹತ್ತೇ ವರ್ಷದಲ್ಲಿ 1.18 ಲಕ್ಷ ಮುಟ್ಟಿದವು. ಅತಿ ಹೆಚ್ಚು ಸೀಟಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಚಿತ್ರದುರ್ಗದಲ್ಲಿ ಖಾಸಗಿ ಕಾಲೇಜಿನ ಜೊತೆಗೆ 2023ರಲ್ಲಿ ಸರ್ಕಾರಿ ಕಾಲೇಜೂ ಶುರುವಾಯಿತು. ಅದರ ಮೊದಲ ಬ್ಯಾಚು ಹೊರಬಂದಾಗ ಸಾಲು ಇನ್ನಷ್ಟು ಬೆಳೆಯುತ್ತದೆ, ಕಿರ್ಗಿಸ್ತಾನದಿಂದ ಒಬ್ಬರೂ ಬರದಿದ್ದರೂ.

ನೂಕುನುಗ್ಗಲು ಇರುವುದು ಒಂದೇ ಕಡೆ: ಸ್ನಾತಕೋತ್ತರ ಪದವಿ ಇಲ್ಲದ ಎಂಬಿಬಿಎಸ್ ವೈದ್ಯರ ಹುದ್ದೆ, ಅದರಲ್ಲೂ ಪಟ್ಟಣದೊಳಗೆ, ಹಗಲು ಪಾಳಿ. ಪಟ್ಟಣಗಳಲ್ಲಿ ರಾಜ್ಯ ಸರ್ಕಾರ ನಡೆಸುವ ‘ನಮ್ಮ ಕ್ಲಿನಿಕ್‌’ಗಳು ಬೆಳಿಗ್ಗೆ 9ರಿಂದ ಸಂಜೆ 4.30ರವರೆಗೆ. ರಾತ್ರಿ ಪಾಳಿಯಿಲ್ಲ, ಹೆರಿಗೆಯಿಲ್ಲ, ಸ್ನಾತಕೋತ್ತರ ಪ್ರವೇಶದ ನೀಟ್ ಪಿಜಿ ಪರೀಕ್ಷೆಗೆ ಓದಲು ಸಂಜೆ ಬಿಡುವು. ಅದಕ್ಕೇ ಎಲ್ಲರೂ ಅಲ್ಲಿಗೆ ಮುಗಿಬೀಳುತ್ತಾರೆ. ಅದೇ ಮೊಳಕಾಲ್ಮುರು ಗಡಿಯ 24 ಗಂಟೆಯ ಪಿಎಚ್‌ಸಿಗೆ ಕರೆದರೆ ಬರುವವರು ಬೆರಳೆಣಿಕೆ. ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರಿಲ್ಲದೆ ಸಿಸೇರಿಯನ್ನಿಗೆ ಬಂದವರನ್ನು ದಾವಣಗೆರೆಗೆ ಕಳಿಸುವ ಪರಿಸ್ಥಿತಿ ಬಂದರೆ, ಆ ಕೊರತೆಯನ್ನು ಎಂಬಿಬಿಎಸ್ ಆದವರು ಎಷ್ಟು ಜನ ಸಾಲಿನಲ್ಲಿ ನಿಂತರೂ ತುಂಬಲಾಗದು. ಇಲ್ಲಿ ಓದಿದವರಾಗಲಿ ಅಲ್ಲಿ ಓದಿದವರಾಗಲಿ, ಪಿಜಿ ಸೀಟು ಸಿಕ್ಕ ಕೂಡಲೇ ಗುತ್ತಿಗೆ ಬಿಟ್ಟು ಹೋಗುತ್ತಾರೆ. ಕಾಯಂ ನೇಮಕಾತಿ ಅಧಿಸೂಚನೆ ವರ್ಷಗಟ್ಟಲೆ ತಡವಾಗುವುದೇ ಇದರ ಬೇರು ಎಂಬುದು ನಮ್ಮ ಅಭಿಪ್ರಾಯ. ಒಂದೇ ಕೇಂದ್ರಕ್ಕೆ ವರ್ಷದಲ್ಲಿ ಎರಡು ಮೂರು ಡಾಕ್ಟರು ಬದಲಾದರೆ ಬಿಪಿ, ಶುಗರ್ ರೋಗಿಗಳ ಗತಿಯೇನು?

ಎಫ್‌ಎಂಜಿಇ ಪಾಸಾಗಿದೆ. ಇಂಟರ್ನ್‌ಶಿಪ್‌ಗೆ ಒಂದು ಕಾಲೇಜಿನಲ್ಲಿ ಹಣ ಕೇಳಿದರು. ಕೊಡಬೇಕಾ? ಸ್ಟೈಪೆಂಡ್ ಬರುತ್ತಾ?
– ಓದುಗರು, ಹರಿಹರ

ಕೊಡಬೇಕಿಲ್ಲ. ವಿದೇಶದಲ್ಲಿ ಓದಿದವರಿಂದ ಇಂಟರ್ನ್‌ಶಿಪ್‌ಗೆ ಶುಲ್ಕ ಪಡೆಯಬಾರದು, ಇಲ್ಲಿನ ಇಂಟರ್ನ್‌ಗಳಿಗೆ ಸಮನಾದ ಸ್ಟೈಪೆಂಡ್ ಕೊಡಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಹಣ ಕೇಳಿದರೆ ಬರಹದಲ್ಲಿ ಕೊಡಿ ಅನ್ನಿ. ಸಾಮಾನ್ಯವಾಗಿ ಅಲ್ಲಿಗೆ ಮಾತು ನಿಲ್ಲುತ್ತದೆ. ನಿಲ್ಲದಿದ್ದರೆ ಪರಿಷತ್ತಿಗೆ ಲಿಖಿತ ದೂರು ಕೊಡಿ.

ಜಾಗದ ಅಭಾವ ಮಾತ್ರ ನಿಜ. ವಿದೇಶದಲ್ಲಿ ಓದಿದ ಇಂಟರ್ನ್‌ಗಳಿಗೆ ಆಗ ಗೊತ್ತುಮಾಡಿದ ಮಿತಿ ಕಾಲೇಜಿನ ಒಟ್ಟು ಸೀಟಿನ ಶೇ 7.5. 150 ಸೀಟಿನ ಕಾಲೇಜೆಂದರೆ 11 ಜನ. ಫಲಿತಾಂಶ ಬಂದ ವಾರದಲ್ಲೇ ತಾತ್ಕಾಲಿಕ ನೋಂದಣಿಗೆ ಅರ್ಜಿ ಹಾಕಿದವರಿಗೆ ಹತ್ತಿರದ ಊರು ಸಿಗುತ್ತದೆ, ತಡ ಮಾಡಿದವರು ಸಿಕ್ಕ ಕಡೆ ಹೋಗಬೇಕು.

12 ತಿಂಗಳಲ್ಲಿ ರಜೆ ಲೆಕ್ಕ ಹಾಕಿ ತೆಗೆದುಕೊಳ್ಳಿ. 15 ದಿನ ಮೀರಿದರೆ ಅಷ್ಟು ದಿನ ಮುಂದುವರಿಸಬೇಕಾಗುತ್ತದೆ. ಅಷ್ಟರಲ್ಲಿ ಯಾವುದಾದರೂ ಅಧಿಸೂಚನೆಯ ಕೊನೆಯ ದಿನಾಂಕ ದಾಟಿಬಿಟ್ಟರೆ ಇಡೀ ವರ್ಷ ಹೋದಂತೆ.

ಇನ್ನೊಂದು ಮಾತು. ಸಮುದಾಯ ವೈದ್ಯಶಾಸ್ತ್ರದ 12 ವಾರಗಳನ್ನು ಹಾಜರಿ ಹಾಕಿ ಓದಲು ಹೋಗುವ ಸಮಯ ಅಂತ ಕಳೆಯುವವರೇ ಹೆಚ್ಚು. ಮುಂದೆ ಪಿಎಚ್‌ಸಿಯಲ್ಲಿ ಕೈ ಹಿಡಿಯುವುದು ಅದೇ. ಸಹಜ ಹೆರಿಗೆ, ಹೊಲಿಗೆ, ಮೆಡಿಕೊ ಲೀಗಲ್ ಕೇಸಿನ ದಾಖಲೆ, ಮರಣೋತ್ತರ ಪರೀಕ್ಷೆ ಇವನ್ನೆಲ್ಲ ಕೈಯಾರೆ ಮಾಡಿಯೇ ಕಲಿಯಬೇಕು; ಹೊರದೇಶದ ಅನೇಕ ಕಡೆ ವಿದ್ಯಾರ್ಥಿಗಳು ದೂರ ನಿಂತು ನೋಡಿರುತ್ತಾರೆ ಅಷ್ಟೆ.

ಹಾವು ಕಚ್ಚಿದ ಕೇಸನ್ನೇ ತೆಗೆದುಕೊಳ್ಳಿ. ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಕೊಳಕುಮಂಡಲ ಕಚ್ಚುವುದು ಅಪರೂಪವಲ್ಲ. ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡಲು 2 ಮಿಲಿ ರಕ್ತವನ್ನು ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಒಮ್ಮೆ ಓರೆ ಮಾಡಿ ನೋಡಬೇಕು. ಪ್ಲಾಸ್ಟಿಕ್ ಸಿರಿಂಜಿನಲ್ಲೇ ಬಿಟ್ಟರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು, ಏಕೆಂದರೆ ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಕೊಡುವುದು ಗಾಜಿನ ಮೈ. ಸೋಪಿನ ಅಂಶ ಉಳಿದ ನಳಿಕೆಯಲ್ಲೂ ಹಾಗೇ. ಆಗ ವಿಷ ಏರದವನಿಗೂ ಪ್ರತಿವಿಷದ 10 ವಯಲ್ ಏರಿಸಿ, ಅದರ ಅಲರ್ಜಿಯ ಜೊತೆ ಗುದ್ದಾಡಬೇಕಾಗುತ್ತದೆ. ಕಟ್ಟುಹಾವಿಗೆ ಈ ಪರೀಕ್ಷೆ ಉಪಯೋಗಕ್ಕೆ ಬಾರದು. ಅದರ ವಿಷ ನರಕ್ಕೆ ಏರುವಂಥದ್ದು, ರೆಪ್ಪೆ ಜೋತುಬಿದ್ದಿದೆಯೇ, ಉಸಿರಾಟ ಹೇಗಿದೆ ಅಂತ ನೋಡಬೇಕು. ಸಂದರ್ಶನದಲ್ಲಿ ಇಂಥದ್ದನ್ನು ಕೇಳಿದರೆ ಇಂಟರ್ನ್‌ಶಿಪ್ ಮಾಡಿದವರು ಯಾರು, ಸಹಿ ಹಾಕಿಸಿಕೊಂಡವರು ಯಾರು ಅಂತ ಎರಡು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ಕಾಯಂ ನೋಂದಣಿ ಆಗಿದೆ. ಗುತ್ತಿಗೆ ವೈದ್ಯರ ನೇರ ಸಂದರ್ಶನಕ್ಕೆ ಹೋದಾಗ "ಅಂಕ ಶೇಕಡಾವಾರು ಇಲ್ಲ" ಅಂತ ವಾಪಸ್ ಕಳಿಸಿದರು. ನಮ್ಮ ವಿಶ್ವವಿದ್ಯಾಲಯ ಕೊಟ್ಟಿದ್ದು ಬರೀ ಗ್ರೇಡು. ಏನು ಮಾಡಲಿ?
– ಯುವ ವೈದ್ಯ, ಚಳ್ಳಕೆರೆ

ವಿದೇಶದಲ್ಲಿ ಓದಿದವರು ಪಟ್ಟಿಯಿಂದ ಹೊರಬೀಳುವುದು ಜ್ಞಾನಕ್ಕಿಂತ ಹೆಚ್ಚಾಗಿ ಇಂಥ ಕಾಗದಕ್ಕೇ. ಮೆರಿಟ್ ಪಟ್ಟಿಯನ್ನು ಪದವಿಯ ಅಂಕದ ಮೇಲೆ ಮಾಡುವುದಾದರೆ ಕಚೇರಿಯವರಿಗೆ ಒಂದು ಶೇಕಡಾ ಸಂಖ್ಯೆ ಬೇಕು. ರಷ್ಯಾ ಕಡೆಯ ಪದವಿಯಲ್ಲಿ 5ಕ್ಕೆ 4.3 ಎಂದಿರುತ್ತದೆ. ಅದನ್ನು ನೀವೇ 86 ಅಂತ ಮಾಡಿ ಬರೆದರೆ ಯಾರೂ ಒಪ್ಪುವುದಿಲ್ಲ. ವಿಷಯವಾರು ಅಂಕ ಮತ್ತು ಗ್ರೇಡನ್ನು ಶೇಕಡಾಕ್ಕೆ ಪರಿವರ್ತಿಸುವ ಸೂತ್ರ ಎರಡನ್ನೂ ವಿಶ್ವವಿದ್ಯಾಲಯದ ಲೆಟರ್‌ಹೆಡ್ಡಿನಲ್ಲಿ, ಮೊಹರಿನೊಂದಿಗೆ ಇಂಗ್ಲಿಷಿನಲ್ಲಿ ತರಿಸಿಕೊಳ್ಳಿ. ಇನ್ನೂ ಅಲ್ಲೇ ಇರುವ ಜೂನಿಯರ್‌ಗಳಿಗೆ ಹೇಳಿ: ವಿಮಾನ ಹತ್ತುವ ಮುಂಚೆ ಇದನ್ನು ಮಾಡಿಸಿದರೆ ಒಂದು ದಿನದ ಕೆಲಸ, ಊರಿಗೆ ಬಂದ ಮೇಲೆ ತಿಂಗಳುಗಳು.

ಉಳಿದ ಕಾಗದಗಳಲ್ಲಿ ಮೀಸಲಾತಿಯವು ಮುಖ್ಯ. ಪರಿಶಿಷ್ಟ ಜಾತಿ, ಪಂಗಡಕ್ಕೆ ನಮೂನೆ ಡಿ, ಪ್ರವರ್ಗ 1ಕ್ಕೆ ಇ, 2ಎ, 2ಬಿ, 3ಎ, 3ಬಿಗೆ ಎಫ್. ಎಫ್ ನಮೂನೆಯಲ್ಲಿ ಆದಾಯವೂ ಸೇರಿರುವುದರಿಂದ 5 ವರ್ಷಕ್ಕೆ ಅವಧಿ ಮುಗಿಯುತ್ತದೆ. ಓದಲು ಹೋಗುವ ಮುಂಚೆ ಮಾಡಿಸಿದ್ದು ನೀವು ಬರುವಷ್ಟರಲ್ಲಿ ಸತ್ತಿರುತ್ತದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೋ ಕನ್ನಡ ಮಾಧ್ಯಮದಲ್ಲೋ ಓದಿದ್ದರೆ ಕಾಯಂ ನೇಮಕಾತಿಯಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಕೇಳಬಹುದು. ಚಳ್ಳಕೆರೆ ಕಡೆಯ ಎಷ್ಟೋ ಹುಡುಗರಿಗೆ ಇದು ಸಿಗುತ್ತದೆ, ಕೇಳುವುದೇ ಇಲ್ಲ. ಎಲ್ಲ ಪ್ರಮಾಣಪತ್ರವೂ ಅರ್ಜಿಯ ಕೊನೆ ದಿನಾಂಕದೊಳಗಿನದ್ದಾಗಿರಬೇಕು.

ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಬಗ್ಗೆಯೂ ಒಂದು ಮಾತು. ಹರಪನಹಳ್ಳಿ ಮೊದಲು ದಾವಣಗೆರೆ ಜಿಲ್ಲೆಯಲ್ಲಿತ್ತು, ಈಗ ವಿಜಯನಗರಕ್ಕೆ ಸೇರಿದೆ, ಅಲ್ಲಿಯವರಿಗೆ ಕಲ್ಯಾಣ ಕರ್ನಾಟಕದ ಸ್ಥಳೀಯ ಮೀಸಲಾತಿ ಇದೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರಿನವರಿಗೆ ಇಲ್ಲ. ಗಡಿಯಾಚೆ ಅರ್ಜಿ ಹಾಕುವಾಗ ಸ್ಥಳೀಯೇತರ ವೃಂದದ, ಅಂದರೆ ಹೊರಗಿನವರಿಗೂ ತೆರೆದಿರುವ ಹುದ್ದೆ ಎಷ್ಟಿದೆ ನೋಡಿಕೊಂಡೇ ಹಾಕಿ.

ನನ್ನ ಪದವಿ ಪತ್ರದಲ್ಲಿ "ಎಂ.ಡಿ." ಎಂದೇ ಇದೆ. ತಜ್ಞ ವೈದ್ಯರ ಹುದ್ದೆಗೆ ಅರ್ಜಿ ಹಾಕಬಹುದೇ?
– ಓದುಗರು, ಹಿರಿಯೂರು

ಆಗದು. ರಷ್ಯಾ, ಕಿರ್ಗಿಸ್ತಾನ, ಫಿಲಿಪ್ಪೀನ್ಸ್‌ನ ಆ ಎಂ.ಡಿ. ಮೊದಲ ಪದವಿ, ನಮ್ಮ ಎಂಬಿಬಿಎಸ್‌ಗೆ ಸಮ. ನಿಮ್ಮದು ಸಾಮಾನ್ಯ ವೈದ್ಯಾಧಿಕಾರಿ ಹುದ್ದೆಯ ಸಾಲು. ಬೋರ್ಡಿನಲ್ಲೂ ಜನ ಫಿಜಿಷಿಯನ್ ಎಂದು ತಿಳಿಯುವ ಹಾಗೆ ಬರೆಸಬೇಡಿ.

ಮಗ ಪಿಯುಸಿ ಮುಗಿಸಿದ್ದಾನೆ. ನೀಟ್‌ನಲ್ಲಿ ಅರ್ಹತೆ ಬಂದಿದೆ, ಸೀಟು ಬರಲಿಲ್ಲ. ಈಗ ಹೊರಗೆ ಕಳಿಸುವುದು ಸರಿಯೇ?
– ಒಬ್ಬ ತಾಯಿ, ಹೊಸದುರ್ಗ

ಕಳಿಸುವ ಮುಂಚೆ ಕಾಲೇಜಿನಿಂದಲೇ, ಏಜೆಂಟರಿಂದಲ್ಲ, ಬರಹದಲ್ಲಿ ಉತ್ತರ ತರಿಸಿಕೊಳ್ಳಿ. 2021ರ ನವೆಂಬರ್ 18ರಿಂದ ಜಾರಿಯಾದ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳದ್ದಾಗಿರಬೇಕು, ಅದರ ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಬೋಧನೆ ಇಂಗ್ಲಿಷಿನಲ್ಲಿ. ಸೇರಿದ 10 ವರ್ಷದೊಳಗೆ ಎಲ್ಲ ಮುಗಿಯಬೇಕು. ನಡುವೆ ಕಾಲೇಜು ಬದಲಿಸುವಂತಿಲ್ಲ. ಆನ್‌ಲೈನ್ ತರಗತಿಗೆ ಬೆಲೆಯಿಲ್ಲ. ಉಕ್ರೇನ್ ಯುದ್ಧದ ಕಾಲದಲ್ಲಿ ಮನೆಯಿಂದ ಓದಿದವರಲ್ಲಿ ಹಲವರಿಗೆ ಇಂಟರ್ನ್‌ಶಿಪ್ಪೇ ಎರಡು ವರ್ಷವಾಯಿತು.

ಹೆಚ್ಚಿನವರು ಕೇಳದೆ ಬಿಡುವ ಷರತ್ತು ಬೇರೆಯೇ ಇದೆ. ಓದಿದ ದೇಶದಲ್ಲಿ ಅಲ್ಲಿನ ಪ್ರಜೆಗೆ ಕೊಡುವಂಥ ವೈದ್ಯ ವೃತ್ತಿಯ ಪರವಾನಗಿಗೆ ಈ ಪದವಿ ಅರ್ಹವಾಗಿರಬೇಕು. ವಿದೇಶಿ ವಿದ್ಯಾರ್ಥಿಗಳಿಗೆಂದೇ ನಡೆಸುವ, ಸ್ಥಳೀಯರು ಓದದ ಕೋರ್ಸುಗಳು ಇಲ್ಲೇ ಎಡವುತ್ತವೆ. ಅಲ್ಲಿ ಆರು ವರ್ಷ, ಪರೀಕ್ಷೆಯ ತಯಾರಿಗೆ ಒಂದು, ಇಲ್ಲಿ ಇಂಟರ್ನ್‌ಶಿಪ್ ಒಂದು ಅಂತ ಎಂಟು ವರ್ಷದ ಖರ್ಚು ಲೆಕ್ಕ ಹಾಕಿ. ಅಷ್ಟಕ್ಕೆ ಜಮೀನು ಅಡವಿಡಬೇಕಾಗಿ ಬಂದರೆ ಒಂದು ವರ್ಷ ಇಲ್ಲೇ ಕೂರಿಸಿ ಮತ್ತೆ ನೀಟ್ ಬರೆಸಿ. ಈಗಿನ ನೀಟ್ ಅಂಕ ಹೊರದೇಶದ ಪ್ರವೇಶಕ್ಕೆ 3 ವರ್ಷ ನಡೆಯುತ್ತದೆ, ಕೂತರೂ ಅದೇನೂ ಹಾಳಾಗುವುದಿಲ್ಲ.