ಕೊರೊನಾ ಹೋಗಿ ತಿಂಗಳಾದ ಮೇಲೆ ಬಂದ ಜ್ವರ

ಪ್ರಶ್ನೆ: ನಮ್ಮ ಎಂಟು ವರ್ಷದ ಮಗನಿಗೆ ನೆಗಡಿಯಂತೆ ಬಂದ ಕೊರೊನಾ ಮೂರೇ ದಿನದಲ್ಲಿ ವಾಸಿಯಾಯಿತು. ತಿಂಗಳ ನಂತರ ಬಿಡದ ಜ್ವರ, ಹೊಟ್ಟೆನೋವು, ವಾಂತಿ ಶುರುವಾದಾಗ ಅಪೆಂಡಿಸೈಟಿಸ್ ಇರಬಹುದೆಂದರು. ಕಣ್ಣು, ತುಟಿ ಕೆಂಪಾದ ಮೇಲೆ ಎಂಐಎಸ್-ಸಿ (ಕೊರೊನಾದ ನಂತರ ಮಕ್ಕಳ ಹಲವು ಅಂಗಗಳಲ್ಲಿ ಏಳುವ ಉರಿಯೂತ) ಎಂದು ಗುರುತಿಸಿ ಚಿಕಿತ್ಸೆ ಕೊಟ್ಟರು. ಆಗ ಮೂಗಿನ ದ್ರವದ ಪರೀಕ್ಷೆಯೂ ನೆಗೆಟಿವ್ ಇತ್ತು. ಹಾಗಿದ್ದರೆ ಇದು ಕೊರೊನಾದಿಂದ ಬಂದದ್ದು ಹೇಗೆ? ಮನೆಗೆ ಬಂದು ಎರಡು ವಾರವಾಗಿದೆ, ಆಡಲು ಹಟ ಮಾಡುತ್ತಾನೆ. ಬಿಡಬಹುದೇ? ಅವನ ತಂಗಿಗೂ ಇದು ಅಂಟೀತೇ?
— ಒಬ್ಬ ತಾಯಿ

ಉತ್ತರ: ಪರೀಕ್ಷೆ ನೆಗೆಟಿವ್ ಬಂದದ್ದರಲ್ಲಿ ವಿಚಿತ್ರವೇನಿಲ್ಲ. ಈ ಕಾಯಿಲೆ ವೈರಾಣುವಿನ ನೇರ ಹಾವಳಿಯಲ್ಲ. ವೈರಾಣುವನ್ನು ಎದುರಿಸಲು ಎದ್ದ ರೋಗನಿರೋಧಕ ವ್ಯವಸ್ಥೆಯು ಅದು ತೊಲಗಿದ ಮೇಲೂ ಶಾಂತವಾಗದೆ, ತನ್ನದೇ ದೇಹದ ರಕ್ತನಾಳ, ಹೃದಯ, ಕರುಳುಗಳಲ್ಲಿ ಉರಿಯೂತ ಎಬ್ಬಿಸುವುದರಿಂದ ಬರುವಂಥದ್ದು. ಆದ್ದರಿಂದಲೇ ಅದು ಸಾಮಾನ್ಯವಾಗಿ ಸೋಂಕಾದ 2ರಿಂದ 6 ವಾರಗಳ ನಂತರ ಕಾಣಿಸುತ್ತದೆ. ಅಷ್ಟು ಹೊತ್ತಿಗೆ ಮೂಗಿನಲ್ಲಿ ವೈರಾಣು ಸಿಗದಿರಬಹುದು, ರಕ್ತದಲ್ಲಿ ಅದರ ವಿರುದ್ಧದ ಪ್ರತಿಕಾಯಗಳು ಮಾತ್ರ ಸಿಗುತ್ತವೆ. ಮೊದಲ ಸೋಂಕು ಲಘುವಾಗಿತ್ತೆಂಬುದೂ ರಕ್ಷಣೆಯಲ್ಲ. ಸೋಂಕು ತಗುಲಿದ್ದೇ ತಿಳಿಯದ ಮಕ್ಕಳಲ್ಲೂ ಇದು ಬಂದಿದೆ.

2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ವೈದ್ಯರು ಇಂಥ ಮಕ್ಕಳ ಬಗ್ಗೆ ಮೊದಲು ಎಚ್ಚರಿಸಿದಾಗ, 1967ರಲ್ಲಿ ಜಪಾನಿನ ವೈದ್ಯ ಟೊಮಿಸಾಕು ಕವಾಸಾಕಿ ವಿವರಿಸಿದ್ದ ಕಾಯಿಲೆಯೇ ಇದೆಂಬ ಅನುಮಾನವಿತ್ತು. ಆದರೆ ಕವಾಸಾಕಿ ಕಾಯಿಲೆ ಹೆಚ್ಚಾಗಿ ಐದು ವರ್ಷದೊಳಗಿನವರದ್ದು. ಇದು ನಿಮ್ಮ ಮಗನ ವಯಸ್ಸಿನವರನ್ನೇ ಹೆಚ್ಚಾಗಿ ಹಿಡಿಯುತ್ತದೆ, ಹೊಟ್ಟೆನೋವು ಎದ್ದು ಕಾಣುತ್ತದೆ. ಅಪೆಂಡಿಸೈಟಿಸ್ ಎಂದು ಶಂಕಿಸಿದವರನ್ನು ನಾನು ದೂರುವುದಿಲ್ಲ. ಎಷ್ಟೋ ಕಡೆ ಹಾಗೇ ಆಗಿದೆ. ನಿಜವಾದ ಭಯವಿರುವುದು ಹೃದಯದ ವಿಷಯದಲ್ಲಿ. ಹೃದಯದ ಸ್ನಾಯು ಸೋತು ರಕ್ತದೊತ್ತಡ ಕುಸಿಯಬಹುದು, ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ನಾಳಗಳು ಹಿಗ್ಗಬಹುದು. ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಮತ್ತು ಸ್ಟೀರಾಯ್ಡ್ ಸಕಾಲಕ್ಕೆ ಸಿಕ್ಕರೆ ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ.

ಆಟದ ವಿಷಯದಲ್ಲಿ ಮಾತ್ರ ಮಗನ ಹಟಕ್ಕೆ ಮಣಿಯಬೇಡಿ. ಮಗು ಚುರುಕಾಗಿದೆ ಎಂಬುದರಿಂದ ಹೃದಯದ ಸ್ಥಿತಿ ತಿಳಿಯುವುದಿಲ್ಲ, ಎಕೋ ಪರೀಕ್ಷೆಯಿಂದ (ಹೃದಯದ ಅಲ್ಟ್ರಾಸೌಂಡ್) ತಿಳಿಯುತ್ತದೆ. ಸಾಮಾನ್ಯವಾಗಿ ಅದನ್ನು ಒಂದೆರಡು ವಾರದ ಹೊತ್ತಿಗೆ ಒಮ್ಮೆ, ಮತ್ತೆ 4ರಿಂದ 6 ವಾರದ ಹೊತ್ತಿಗೆ ಮಾಡಿಸುತ್ತಾರೆ. ಹೃದಯಕ್ಕೆ ತೊಂದರೆಯಾಗಿದ್ದಲ್ಲಿ 3ರಿಂದ 6 ತಿಂಗಳು ಓಟ, ಪಂದ್ಯಗಳು ಬೇಡ. ಕೂತು ಆಡುವ ಆಟ, ಮನೆಯೊಳಗಿನ ಓಡಾಟ ಸಾಕು. ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ. ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟಿದ್ದರೆ, ಜ್ವರಕ್ಕೆಂದು ಜೊತೆಗೆ ಐಬುಪ್ರೊಫೆನ್ ಕೊಡಬೇಡಿ. ಆಸ್ಪಿರಿನ್ ನಡೆಯುತ್ತಿರುವಾಗ ಫ್ಲೂ ಅಥವಾ ಸೀತಾಳೆ ಸಿಡುಬಿನ ಸುಳಿವು ಕಂಡರೆ ಆ ದಿನವೇ ವೈದ್ಯರಿಗೆ ತಿಳಿಸಿ. ಇಮ್ಯುನೊಗ್ಲಾಬ್ಯುಲಿನ್ ಪಡೆದವರಿಗೆ ದಡಾರ ಮತ್ತು ಸೀತಾಳೆ ಸಿಡುಬಿನ ಲಸಿಕೆಗಳನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ, ಏಕೆಂದರೆ ಅದಕ್ಕೂ ಮೊದಲು ಹಾಕಿದರೆ ಲಸಿಕೆ ಸರಿಯಾಗಿ ಫಲಿಸುವುದಿಲ್ಲ.

ತಂಗಿಗೆ ಇದು ಅಂಟುವುದಿಲ್ಲ. ಅಂಟುವುದು ಕೊರೊನಾ ಮಾತ್ರ. ಅಣ್ಣನ ಜೊತೆಯಲ್ಲೇ ಅವಳಿಗೂ ಸೋಂಕಾಗಿದ್ದರೆ, ನೀವು ಹೇಳುವ ಲೆಕ್ಕದಲ್ಲಿ ಆ ಆರು ವಾರಗಳು ಈಗಾಗಲೇ ಕಳೆದಿವೆ.