ಸೈನೈಡ್ ದಿಬ್ಬದ ಮಣ್ಣಿಗೆ ಸಿಮೆಂಟ್ ಬೆರೆಸಿದರೆ ವಿಷ ಹೊರಬಾರದೇ?

ಪ್ರಶ್ನೆ: ನಮ್ಮದು ಕೆಜಿಎಫ್. ಅಜ್ಜ ಚಿನ್ನದ ಗಣಿಯಲ್ಲಿ ದುಡಿದವರು. ಮನೆಯ ಹಿಂದೆ ಸ್ವಲ್ಪ ದೂರದಲ್ಲೇ ಸೈನೈಡ್ ದಿಬ್ಬವಿದೆ. ಆ ಮಣ್ಣಿಗೆ ಸಿಮೆಂಟ್ ಕಲಸಿ ಬ್ಲಾಕ್ ಮಾಡಿದರೆ ವಿಷ ಒಳಗೇ ಸಿಕ್ಕಿಬೀಳುತ್ತದೆ, ಕಾಂಪೌಂಡಿಗೂ ನೀರಿನ ತೊಟ್ಟಿಗೂ ಬಳಸಬಹುದು ಎನ್ನುತ್ತಾರೆ ಪರಿಚಯದ ಮೇಸ್ತ್ರಿ. ಅವರು ಮಾಡಿ ತೋರಿಸಿದ ಬ್ಲಾಕ್ ಸುತ್ತಿಗೆ ಏಟಿಗೂ ಜಗ್ಗಲಿಲ್ಲ. ನಂಬಬಹುದೇ?
— ಓದುಗರು, ಕೋಲಾರ ಜಿಲ್ಲೆ

ಉತ್ತರ: ತೊಟ್ಟಿಗಂತೂ ಬೇಡವೇ ಬೇಡ. ಕಾಂಪೌಂಡಿಗೂ ಈಗಲೇ ಹೂಂ ಎನ್ನಲಾರೆ. ಸುತ್ತಿಗೆ ಅಳೆದದ್ದು ಬ್ಲಾಕಿನ ಗಟ್ಟಿತನವನ್ನು. ಅದರಿಂದ ನೀರಿಗೆ ಏನು ಇಳಿಯುತ್ತದೆ ಎಂಬುದು ಸುತ್ತಿಗೆಗೆ ಗೊತ್ತಾಗುವುದಿಲ್ಲ.

ದಿಬ್ಬದ ಹೆಸರೇ ಜನರ ದಾರಿ ತಪ್ಪಿಸುತ್ತದೆ. ಪುಡಿ ಮಾಡಿದ ಅದಿರಿನಿಂದ ಚಿನ್ನವನ್ನು ಕರಗಿಸಿ ತೆಗೆಯಲು ಸೈನೈಡ್ ಬಳಸುತ್ತಿದ್ದರು, ನಿಜ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯೇ ಈ ದಿಬ್ಬ. ಗಣಿ ಮುಚ್ಚಿದ್ದು 2001ರಲ್ಲಿ. ಬಿಸಿಲು, ಮಳೆ, ಸೂಕ್ಷ್ಮಜೀವಿಗಳು ಸೇರಿ ಮೇಲ್ಪದರದ ಸೈನೈಡನ್ನು ಬಹುಮಟ್ಟಿಗೆ ಒಡೆದುಹಾಕುತ್ತವೆ; ಕಬ್ಬಿಣಕ್ಕೆ ಅಂಟಿಕೊಂಡ ಪಾಲು ಮಾತ್ರ ಹಟ ಹಿಡಿದು ಉಳಿಯುತ್ತದೆ. ನನಗೆ ಹೆಚ್ಚಿನ ಚಿಂತೆ ಆರ್ಸೆನಿಕ್‌ನದು. ಕೋಲಾರದ ಕೆಲವು ಅದಿರಿನ ಪಟ್ಟಿಗಳಲ್ಲಿ ಆರ್ಸೆನಿಕ್ ಇರುವ ಆರ್ಸೆನೋಪೈರೈಟ್ ಎಂಬ ಖನಿಜವಿದೆ. ಆರ್ಸೆನಿಕ್ ಮೂಲವಸ್ತು, ಎಷ್ಟು ವರ್ಷ ಕಳೆದರೂ ಕೊಳೆತು ಇಲ್ಲವಾಗುವಂಥದ್ದಲ್ಲ.

ಸಿಮೆಂಟ್ ವಿಷವನ್ನು ಕೊಲ್ಲುವುದಿಲ್ಲ, ಕಟ್ಟಿಹಾಕುತ್ತದೆ, ಅಷ್ಟೆ. ಒಂದು, ರಂಧ್ರಗಳನ್ನು ಮುಚ್ಚಿ ನೀರು ಓಡಾಡದಂತೆ ಮಾಡುತ್ತದೆ. ಎರಡು, ಒಳಗಿನ ತೇವವನ್ನು ಕಟುವಾದ ಕ್ಷಾರವಾಗಿಸುತ್ತದೆ. ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ; ಶುದ್ಧ ನೀರಿನದು 7) 12.5ರ ಮೇಲಿರುತ್ತದೆ. ಅಲ್ಲಿ ಆರ್ಸೆನಿಕ್ ಸುಣ್ಣದ ಕ್ಯಾಲ್ಸಿಯಂ ಜೊತೆ ಸೇರಿ ಅಷ್ಟಾಗಿ ಕರಗದ ಲವಣವಾಗುತ್ತದೆ. ಸೀಸದ ಸ್ವಭಾವ ಬೇರೆ: ಮಧ್ಯಮ ಕ್ಷಾರದಲ್ಲಿ ಸುಮ್ಮನಿರುತ್ತದೆ, ಕ್ಷಾರ ತೀರಾ ಏರಿದರೆ ಮತ್ತೆ ಕರಗತೊಡಗುತ್ತದೆ. ಹೀಗಾಗಿ ಯಾವ ವಿಷವೆಂದು ತಿಳಿಯದೆ ಎಷ್ಟು ಸಿಮೆಂಟ್ ಹಾಕಬೇಕೆಂದು ಹೇಳಲು ಬರುವುದಿಲ್ಲ.

ಈ ಕಟ್ಟು ಸಡಿಲವಾಗುವುದನ್ನು ಕಣ್ಣಾರೆ ನೋಡಬಹುದು. ಬಿಸಿಲು ಮಳೆಗೆ ಬಿಟ್ಟ ಹಳೆಯ ಮಾಮೂಲಿ ಸಿಮೆಂಟ್ ಬ್ಲಾಕೊಂದನ್ನು (ದಿಬ್ಬದ ಮಣ್ಣಿನದನ್ನಲ್ಲ) ಒಡೆದು, ಹಸಿ ಮುಖದ ಮೇಲೆ ಕ್ಷಾರ ತಾಗಿದರೆ ಗುಲಾಬಿಯಾಗುವ ಫಿನಾಫ್ತಲೀನ್ ದ್ರಾವಣ ಸಿಂಪಡಿಸಿ. ನಡುಭಾಗ ಕಡು ಗುಲಾಬಿಯಾಗುತ್ತದೆ, ಸುತ್ತಲ ಅಂಚು ಬೂದಿಬಣ್ಣದಲ್ಲೇ ಉಳಿಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಅಷ್ಟು ಆಳಕ್ಕೆ ಇಳಿದು ಕ್ಷಾರವನ್ನು ತಿಂದುಹಾಕಿದೆ ಎಂದರ್ಥ. ದಿಬ್ಬದ ಮಣ್ಣಿನ ಬ್ಲಾಕಾದರೆ ಆ ಅಂಚಿನಲ್ಲಿ ಆರ್ಸೆನಿಕ್ ಲವಣವೂ ಸುಣ್ಣದಕಲ್ಲಾಗಿ ಬದಲಾಗುತ್ತಾ ಆರ್ಸೆನಿಕನ್ನು ನೀರಿಗೆ ಬಿಟ್ಟುಕೊಡುತ್ತದೆ. ಮಣ್ಣಿನಲ್ಲಿ ಸಲ್ಫೈಡ್ (ಗಂಧಕ ಸೇರಿದ ಖನಿಜ) ಉಳಿದಿದ್ದರೆ ಇನ್ನೊಂದು ಕಾಟ: ಅದು ಗಾಳಿ ತಾಗಿ ಸಲ್ಫೇಟ್ ಆಗಿ, ಸಿಮೆಂಟಿನೊಳಗೆ ಉಬ್ಬುವ ಹರಳುಗಳನ್ನು ಬೆಳೆಸಿ ಬ್ಲಾಕನ್ನು ಒಳಗಿನಿಂದಲೇ ಸೀಳುತ್ತದೆ. ಇಪ್ಪತ್ತೆಂಟು ದಿನಕ್ಕೆ ಕಲ್ಲಿನಂತಿದ್ದ ಬ್ಲಾಕ್ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಬಿರುಕು ಬಿಡಬಹುದು.

"ಲ್ಯಾಬಿನಲ್ಲಿ ಪಾಸಾಗಿದೆ" ಎಂಬ ಕಾಗದ ತೋರಿಸುವವರೂ ಇದ್ದಾರೆ. ಅದು ತ್ಯಾಜ್ಯದಿಂದ ವಿಷ ಎಷ್ಟು ಸೋರುತ್ತದೆಂದು ನೋಡುವ ಟಿಸಿಎಲ್‌ಪಿ ಪರೀಕ್ಷೆಯಾಗಿದ್ದರೆ ಎಚ್ಚರ. ಅದರಲ್ಲಿ ಬ್ಲಾಕನ್ನು ಒಡೆದು, ತೂಕದ ಇಪ್ಪತ್ತು ಪಟ್ಟು ಅಸಿಟಿಕ್ ಆಮ್ಲದ ದ್ರಾವಣದಲ್ಲಿ 18 ಗಂಟೆ ಕುಲುಕುತ್ತಾರೆ. ಹೊಸ ಸಿಮೆಂಟಿನ ಕ್ಷಾರ ಆ ಆಮ್ಲವನ್ನೇ ನುಂಗಿಬಿಡುವುದರಿಂದ ಫಲಿತಾಂಶ ಚಂದ ಕಾಣುತ್ತದೆ. ಸಾಲದ್ದಕ್ಕೆ, ಅಲ್ಲಿ ಆರ್ಸೆನಿಕ್ ಮಿತಿ ಲೀಟರಿಗೆ 5 ಮಿಲಿಗ್ರಾಂ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 0.01. ಐನೂರು ಪಟ್ಟು ಅಂತರ! ತ್ಯಾಜ್ಯದ ಗುಂಡಿಗೆ ಹಾಕಬಹುದೇ ಎಂದು ಕೇಳುವ ಪರೀಕ್ಷೆಯನ್ನು ತೊಟ್ಟಿಗೆ ಒಪ್ಪುತ್ತದೆಯೇ ಎಂದು ಕೇಳಲು ಬಳಸಬಾರದು. ಕೇಳಬೇಕಾದದ್ದು ಬೇರೆ ಬೇರೆ ಪಿಎಚ್‌ನಲ್ಲಿ ಎಷ್ಟು ಸೋರುತ್ತದೆ, ಇಡೀ ಬ್ಲಾಕನ್ನು ವಾರಗಟ್ಟಲೆ ನೀರಿನಲ್ಲಿಟ್ಟು ಆಗಾಗ ನೀರು ಬದಲಿಸಿದರೆ ಎಷ್ಟು ಹೊರಬರುತ್ತದೆ ಎಂಬುದನ್ನು.

ಹಾಗೆಂದು ಸಿಮೆಂಟ್ ಕೆಲಸಕ್ಕೆ ಬಾರದ ಉಪಾಯವಲ್ಲ. ಗಣಿತ್ಯಾಜ್ಯಕ್ಕೆ ನೂರಕ್ಕೆ ಮೂರರಿಂದ ಏಳು ಪಾಲು ಸಿಮೆಂಟ್ ಬೆರೆಸಿ, ಗಟ್ಟಿ ಅಂಬಲಿಯ ಹದಕ್ಕೆ ತಂದು, ಖಾಲಿಯಾದ ಸುರಂಗಗಳಿಗೇ ತುಂಬುವ ಪದ್ಧತಿ ಅನೇಕ ದೇಶಗಳಲ್ಲಿದೆ. ಅಲ್ಲಿ ಗಾಳಿ ಬಿಸಿಲಿನ ಕಾಟ ಕಡಿಮೆ. ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಅದಿರು ಕರಗಿಸಿದಾಗ ಉಳಿಯುವ ಕಿಟ್ಟ) ಸೇರಿದ ಸಿಮೆಂಟ್ ಸಲ್ಫೇಟನ್ನು ಹೆಚ್ಚು ತಾಳಿಕೊಳ್ಳುತ್ತದೆ. ಮೊದಲೇ ಕಬ್ಬಿಣದ ಲವಣ ಬೆರೆಸಿದರೆ ಆರ್ಸೆನಿಕ್ ಅದಕ್ಕೆ ಕಚ್ಚಿಕೊಳ್ಳುತ್ತದೆ. ಆದರೆ ಕೆನಡಾದ ಯೆಲ್ಲೋನೈಫ್ ಬಳಿಯ ಜೈಂಟ್ ಚಿನ್ನದ ಗಣಿಯಲ್ಲಿ ಅದಿರು ಹುರಿದಾಗ ಉಳಿದ 2,37,000 ಟನ್ ಆರ್ಸೆನಿಕ್ ಟ್ರೈಆಕ್ಸೈಡ್ ಪುಡಿಗೆ ಅಲ್ಲಿನವರು ಆರಿಸಿಕೊಂಡದ್ದು ಸಿಮೆಂಟನ್ನಲ್ಲ. ನೆಲದಡಿಯ ಕೋಣೆಗಳನ್ನು ಸುತ್ತಲ ಬಂಡೆ ಸಮೇತ ಹೆಪ್ಪುಗಟ್ಟಿಸಿಡುವ ದಾರಿಯನ್ನು. ಅದು ನೀರಿನಲ್ಲಿ ಕರಗುವ ವಿಷ, ಪ್ರಮಾಣವೂ ಅಗಾಧ.

ಮೇಸ್ತ್ರಿಗೆ ಇನ್ನೂ ಒಂದು ಮಾತು ಹೇಳಿ. ಆ ಪುಡಿಯಲ್ಲಿ ಬಹುಪಾಲು ಬೆಣಚುಕಲ್ಲು. ಒಣದಾಗಿ ಜರಡಿ ಹಿಡಿದು ಕಲಸುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಸಿಲಿಕೋಸಿಸ್. ನಿಮ್ಮ ಅಜ್ಜನ ಕಾಲದ ಗಣಿ ಕಾರ್ಮಿಕರಿಗೆ ಆ ಕೆಮ್ಮು ಹೊಸದಲ್ಲ. ಈಗಾಗಲೇ ಮಾಡಿದ ಬ್ಲಾಕುಗಳನ್ನು ಕೊಳವೆಬಾವಿಯಿಂದ ದೂರ, ಮಳೆ ನೀರು ತಾಗದಂತೆ ಮುಚ್ಚಿಡಿ; ಇನ್ನು ಸುತ್ತಿಗೆ ಮುಟ್ಟಿಸಬೇಡಿ.