ಬೀದರ್‌ನಲ್ಲಿ ಚಾವಣಿ ನೀರನ್ನು ನೇರವಾಗಿ ಕೊಳವೆಬಾವಿಗೆ ಬಿಡಬಹುದೇ?

ನೌಬಾದ್ ಬಳಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದ್ದೀರಿ, ಕೊಳವೆಬಾವಿ ಬತ್ತಿದೆ, ಚಾವಣಿಯ ಮಳೆನೀರನ್ನು ಅದರೊಳಕ್ಕೇ ಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಧೂಳು, ಹಕ್ಕಿಯ ಹಿಕ್ಕೆ ಎಲ್ಲವೂ ಸೋಸದೆ ಅಂತರ್ಜಲ ಸೇರುತ್ತವೆ.

ಬೀದರ್ ನಿಂತಿರುವುದು ಜಂಬಿಟ್ಟಿಗೆ ಎಂಬ ಸಣ್ಣ ರಂಧ್ರಗಳ ಕೆಂಪು ಕಲ್ಲಿನ ಮೇಲೆ. ಅದರೊಳಗೆ ಸಲೀಸಾಗಿ ಇಳಿಯುವ ನೀರು ಕೆಳಗಿನ ಬಸಾಲ್ಟ್ ಬಂಡೆ ತಡೆದಲ್ಲಿ ಅಡ್ಡಕ್ಕೆ ಹರಿಯುತ್ತದೆ. 15ನೇ ಶತಮಾನದಲ್ಲಿ ಬಹಮನಿ ಅರಸರ ಕಾಲದವರು ಪರ್ಷಿಯಾದ ತಂತ್ರದಿಂದ ಸುರಂಗ ಬಾವಿ (ಅಂತರ್ಜಲವನ್ನು ನೆಲದಡಿಯಲ್ಲೇ ಹರಿಸಿ ತರುವ ಸುರಂಗ ಕಾಲುವೆ) ಕೊರೆದದ್ದು ಈ ಗುಣವನ್ನು ನಂಬಿಯೇ. ಇಂದಿಗೂ ನಮಗಿರುವ ದೊಡ್ಡ ಆಸ್ತಿ ಅದು.

ಆದ್ದರಿಂದ ಪ್ರತ್ಯೇಕ ಇಂಗುಬಾವಿ ತೆಗೆಸಿ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 1,000 ಚದರಡಿ ಎಂದರೆ ಸುಮಾರು 93 ಚದರ ಮೀಟರ್, 50 ಮಿ.ಮೀ. ಮಳೆಗೆ, ಐದರಲ್ಲೊಂದು ಪಾಲು ನಷ್ಟ ಕಳೆದರೂ, 3,700 ಲೀಟರ್ ಸಿಗುತ್ತದೆ. 1 ಮೀಟರ್ ವ್ಯಾಸ, 5 ಮೀಟರ್ ಆಳದ ಸಿಮೆಂಟ್ ಉಂಗುರದ ಬಾವಿಯಲ್ಲಿ ಅಷ್ಟೂ ಹಿಡಿಯುತ್ತದೆ. ಉಂಗುರಗಳಿಗೆ ರಂಧ್ರವಿರಲಿ, ತಳಕ್ಕೆ ಕಾಂಕ್ರೀಟ್ ಬೇಡ. ಮೊದಲ ಮಳೆಯ ನೀರನ್ನು ಹೊರಬಿಡಿ. ಮರಳು, ಜಲ್ಲಿಯ ಸೋಸುತೊಟ್ಟಿಯನ್ನು ಪ್ರತಿ ಮುಂಗಾರಿಗೆ ಮುನ್ನ ತೊಳೆಯಿಸಿ.

ಅಗೆಯುವ ಮುನ್ನ ಒಂದು ಮಾತು: ಹತ್ತಿರದಲ್ಲಿ ಸುರಂಗ ಬಾವಿಯ ಹಳೆಯ ಗಾಳಿಕಿಂಡಿಗಳಿದ್ದರೆ ಆ ಸಾಲಿನಿಂದ ದೂರ ಸರಿಯಿರಿ. ಶೌಚಗುಂಡಿಯಿಂದಲೂ ಕನಿಷ್ಠ 15 ಮೀಟರ್ ಅಂತರವಿರಲಿ; ಜಂಬಿಟ್ಟಿಗೆಯಲ್ಲಿ ಕೊಳಕು ನೀರೂ ಅಷ್ಟೇ ಬೇಗ ಹರಿಯುತ್ತದೆ. ನಿವೇಶನದಲ್ಲಿ ಅಷ್ಟು ಜಾಗ ಸಿಗದಿದ್ದರೆ ಇಂಗುಬಾವಿ ಕೈಬಿಟ್ಟು ಸಂಗ್ರಹ ತೊಟ್ಟಿ ಕಟ್ಟಿಸಿ.